ಇತ್ತಂತೆ, ಇರಲಿಲ್ಲವಂತೆ

ಜಿಲ್ಲಾ ಕಚೇರಿಯ ಕಾಗದದಲ್ಲಿ ಒಂದೇ ಸಾಲು:
ಒಂಬತ್ತನೇ ತರಗತಿಗೆ ವಿಜ್ಞಾನಕಥೆ, ಅದ್ಭುತಕಥೆ, ಪರಿಚಯ. ಆರು ಪಿರಿಯಡ್.
ಪುಸ್ತಕಗಳು ಹಿಂದಿನಿಂದ ಬರುತ್ತವಂತೆ.
ಈ ಅರಾಲ್ ದಂಡೆಯಲ್ಲಿ
ಬರುತ್ತೇನೆಂದು ಹೇಳಿ ಹೋದವರ ಪಟ್ಟಿ ಉದ್ದವಿದೆ,
ಮೊದಲ ಹೆಸರು ನೀರಿನದು.

ನಾನು ರಸಾಯನಶಾಸ್ತ್ರದವಳು.
ಸಾಹಿತ್ಯ ಕಲಿಸುವ ಕಲಾಮ್‌ಕಾಸ್ ಹೆರಿಗೆಗೆ ಹೋಗಿದ್ದಾಳೆ,
ಹೀಗಾಗಿ ಮಾಟಗಾತಿಯರೂ ಅನ್ಯಗ್ರಹದವರೂ ನನ್ನ ಪಾಲಿಗೆ,
ಗ್ಯಾಸ್ ಬರ್ನರಿನ ಪಕ್ಕದಲ್ಲಿ.
ಕಥೆಯ ಬಗ್ಗೆ ನನಗೆ ಗೊತ್ತಿದ್ದದ್ದು
ಅಜ್ಜಿ ಶುರು ಮಾಡುತ್ತಿದ್ದ ರೀತಿಯೊಂದೇ:
ಇತ್ತಂತೆ, ಇರಲಿಲ್ಲವಂತೆ.
ಮುಂದಿನದು ಬರುವಷ್ಟರಲ್ಲಿ ನಿದ್ದೆ.

ಬೋರ್ಡಿನ ನಡುವೆ ಗೆರೆ ಎಳೆದೆ.
ಎಡಕ್ಕೆ: ಎಂದೂ ಆಗಲಾರದ್ದು.
ಬಲಕ್ಕೆ: ಇನ್ನೂ ಆಗದಿರುವುದು.
ಆಮ್ಲ ಬೇರೆ, ಲವಣ ಬೇರೆ, ಇಷ್ಟೇ ತಾನೆ?
ಹೇಳಿ ಈಗ, ಯಾವುದು ಎಲ್ಲಿಗೆ.

ರೆಕ್ಕೆಯ ಕುದುರೆ ತಕರಾರಿಲ್ಲದೆ ಎಡಕ್ಕೆ ಹೋಯಿತು.
ಮಂಗಳಗ್ರಹದ ಕಲ್ಲಂಗಡಿ ಬಲಕ್ಕೆ.
ರಾಕೆಟ್? ಎಂದೆ.
ಯೆರ್ಕೆಬುಲಾನ್ ನಕ್ಕ:
ಅಪಾಯ್, ಅದು ಎರಡೂ ಕಡೆಯದಲ್ಲ,
ನಮ್ಮ ಮಾವ ಅಲ್ಲಿ ಗೇಟು ಕಾಯುತ್ತಾನೆ.
ಅದು ಹಾರಿದ ರಾತ್ರಿ ನಮ್ಮ ಒಂಟೆ ಹಾಲು ಕೊಡುವುದಿಲ್ಲ.

ಆಗ ಹಿಂದಿನ ಬೆಂಚಿನ ಬಾತಿಮಾ, ಕೈ ಎತ್ತದೆಯೇ:
ನಮ್ಮ ಹಿತ್ತಿಲ ಗೋಡೆಯಲ್ಲೊಂದು ಕಬ್ಬಿಣದ ಬಳೆ ಇದೆ.
ಮುತ್ತಜ್ಜ ಅದಕ್ಕೆ ದೋಣಿ ಕಟ್ಟುತ್ತಿದ್ದನಂತೆ.
ಅದನ್ನು ಎಲ್ಲಿ ಬರೆಯಲಿ?

ಎಡಕ್ಕೆ, ಎಂದರು ಕೆಲವರು.
ಹಿತ್ತಿಲಾಚೆ ಮರಳು, ಮರಳಿನಾಚೆ ಮರಳು,
ದೋಣಿಯೆಂದರೆ ಶುದ್ಧ ಕಟ್ಟುಕಥೆ.
ಬಲಕ್ಕೆ, ಎಂದಿತು ಇನ್ನೊಂದು ದನಿ:
ಒಡ್ಡು ಹಾಕಿದ ಮೇಲೆ ನೀರು ತಿರುಗಿ ಬರುತ್ತಿದೆ,
ನಡೆದುಕೊಂಡು, ಅವಸರವಿಲ್ಲದೆ.
ಆಗಿಹೋದದ್ದು ಅದು, ಎಂದಳು ಬಾತಿಮಾ.
ಮುಟ್ಟಿದರೆ ಈಗಲೂ ತುಕ್ಕು ಕೈಗಂಟುತ್ತದೆ.

ಸೀಮೆಸುಣ್ಣ ಹಿಡಿದು ನಾನು ಗೆರೆಯ ಎದುರಿಗೇ ನಿಂತೆ.
ಹತ್ತಿಗೆಂದು ನದಿಗಳನ್ನು ತಿರುಗಿಸಿದವರೂ
ಹೀಗೇ ಒಂದು ಬೋರ್ಡಿನ ಮುಂದೆ ನಿಂತಿರಬೇಕು,
ಬಲಗಡೆಯಲ್ಲಿ ಬಲು ಚಂದದ ಕಥೆ ಬರೆದು.

ಗಂಟೆ ಹೊಡೆಯಿತು.
ಗೆರೆಯನ್ನು ಅಂಗೈಯಲ್ಲೇ ಒರೆಸಿದೆ.
ನಾಳಿದ್ದಿಗೆ ಒಂದೊಂದು ಕಥೆ ತನ್ನಿ, ಎಂದೆ,
ಯಾವ ಕಡೆಯದಾದರೂ ಸರಿ.

ಇಲ್ಲದ್ದನ್ನು ಕಲಿಸಿ ಏನು ಉಪಯೋಗ? ಎಂದು
ನೀರಿನ ಟ್ಯಾಂಕರ್ ಓಡಿಸುವ ದೌಲೆತ್ ದಾರಿಯಲ್ಲಿ ತಡೆದು ಕೇಳಿದ.
ಇದ್ದದ್ದನ್ನು ಕಲಿಸಿ ಏನಾಯಿತು ಅನ್ನಬೇಕೆಂದಿದ್ದೆ;
ಒಣಮೊಸರಿನ ಉಂಡೆ ಬಾಯಲ್ಲಿತ್ತು,
ಎರಡನ್ನೂ ನುಂಗಿದೆ.

ತಂದರು.
ಉಪ್ಪು ತಿಂದು ಮೋಡ ಉಗುಳುವ ಯಂತ್ರ
(ಸೂತ್ರ ತಪ್ಪಿತ್ತು, ತಿದ್ದಿದೆ, ಹಾಗೇ ಬಿಡಬೇಕಿತ್ತು).
ಮರಳಲ್ಲಿ ಹೂತ ಹಡಗಿಗೆ ಒಂಟೆಯ ಕಾಲು.
ಮದುವೆ ಮನೆಗೆ ಅಲೆಗಳನ್ನು ಬಾಡಿಗೆಗೆ ತರುವ ಊರು,
ಮರಳಿಸುವಾಗ ಒಂದು ಕಡಿಮೆ ಬಿದ್ದು ಜಗಳ.
ಕೊನೆಗೆ ಮೆಯಿರ್‌ಖಾನ್, ಮಾತು ತೊದಲುವ ಹುಡುಗ,
ಇಡೀ ವರ್ಷದಲ್ಲಿ ಅರ್ಧ ಪುಟ ದಾಟದವನು,
ಹರಿದ ಹಾಳೆಯನ್ನು ನನ್ನ ಮುಂದೆ ತಳ್ಳಿದ:

ಒಂದು ಮೀನು ಶಾಲೆಗೆ ಸೇರಿತು.
ಹಾಜರಿ ಕರೆಯುವಾಗ ಅದರ ಹೆಸರು ಬಿಟ್ಟುಹೋಯಿತು.
ಅದು ಎದ್ದು ಹೋಯಿತು.

ಓದಿದೆ. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದೆ.
ಎ-ಎಷ್ಟು ಅಂಕ? ಎಂದ.
ನಾಳೆ ಹೇಳುತ್ತೇನೆ, ಎಂದೆ.

ಮೂರನೇ ಪಿರಿಯಡ್.
ಪುಸ್ತಕಗಳು ಇನ್ನೂ ಬಂದಿಲ್ಲ.
ಹಾಜರಿ ಕರೆದೆ, ಹದಿನೇಳು ಹೆಸರು ಮುಗಿದವು.
ಹದಿನೆಂಟನೆಯದನ್ನು, ರಾತ್ರಿ ಪೆನ್ಸಿಲಿನಲ್ಲಿ ಬರೆದದ್ದನ್ನು,
ತಲೆ ಎತ್ತದೆ ಓದಿದೆ:
ಸಜಾನ್.

ಯಾರೂ ನಗಲಿಲ್ಲ.
ಉಪ್ಪುಗಾಳಿ ಗಾಜನ್ನು ಸವರಿತು.
ಹಿಂದಿನ ಬೆಂಚಿನಲ್ಲಿ ಯಾರೋ ಸ್ವಲ್ಪ ಸರಿದು
ಜಾಗ ಮಾಡಿಕೊಟ್ಟರು.