ಒಂದು ಲೋಟ ನೀರು

ಏಪ್ರಿಲ್ ಕೊನೆ. ಕುಲಶೇಖರದ ಇಳಿಜಾರು ಓಣಿ.
ಐತಪ್ಪ ಬಂದಿದ್ದಾನೆ ತಂತಿ ಬ್ರಶ್ಶು, ಬಕೆಟ್ಟು,
ಅರ್ಧ ಕಿಲೋ ಬ್ಲೀಚಿಂಗ್ ಪೌಡರ್ ಹಿಡಿದು.
ಹೋದ ಆಟಿಯಲ್ಲಿ ಮೆಟ್ಟಿಲ ಮೇಲೆ ಜಾರಿ
ನನ್ನ ನಾದಿನಿ ಸೆವ್ರಿನ್ ಮಣಿಕಟ್ಟು ಮುರಿದುಕೊಂಡಿದ್ದಳು.
ಮಳೆ ಹಿಡಿಯುವ ಮೊದಲೇ ಎಲ್ಲ ಕೆರೆದು ಹಾಕಿಸು ಅಂತ
ಅವಳದೇ ಅಪ್ಪಣೆ.

ಕೆರೆಯಲು ಏನಿದೆ? ಮುರಕಲ್ಲಿನ ತೂತು ತೂತಿಗೆ
ಹಳೇ ಕಂಬಳಿಯ ಜುಂಗಿನ ಹಾಗೆ ಅಂಟಿಕೊಂಡ ಕಂದು.
ಗೋಡೆಯ ತಲೆಗೆ ಹೊದಿಸಿದ ಹಂಚಿನಲ್ಲೂ ಅದೇ:
ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ,
ಅದರ ಹೆಸರಿನ ಅಕ್ಷರಗಳ ಹಳ್ಳ ತುಂಬಿ
ಓದುವಂತೆ ಉಳಿಸಿದ್ದು ಇದು.
ಮುಟ್ಟಿದರೆ ಚಹಾಪುಡಿ.
"ಇದು ಸತ್ತು ಆಗಿದೆ ಟೀಚರೇ," ಅಂದ ಐತಪ್ಪ.

ಮೂವತ್ತೊಂದು ವರ್ಷ ಜೀವಶಾಸ್ತ್ರ ಹೇಳಿದ ಬಾಯಿ,
ಸುಮ್ಮನಿರಬೇಕಲ್ಲ.
ಒಳಗಿಂದ ಒಂದು ಲೋಟ ನೀರು ತಂದು ಸುರಿದೆ.

ಎಲೆಯೆಂದರೆ ಒಂದೇ ಕೋಶದ ದಪ್ಪ.
ಬೇರಿಲ್ಲ; ಕಲ್ಲು ಹಿಡಿಯಲು ನಾಲ್ಕು ನೂಲು, ಅಷ್ಟೆ.
ಕುಡಿಯುವುದು ಮೈಯಿಂದ, ಇಡೀ ಮೈಯಿಂದ.
ತಿರುಪು ಸಡಿಲಿಸಿದ ಹಾಗೆ ಒಂದೊಂದೇ ಬಿಚ್ಚಿ,
ಐತಪ್ಪ ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ
ಗೋಡೆ ಹಸುರು.

ಭೂತಗನ್ನಡಿ ಅವನ ಕೈಗಿಟ್ಟೆ.
ಒಂದು ಕಣ್ಣು ಮುಚ್ಚಿ, ಕಲ್ಲಿಗೆ ಮೂಗು ತಾಗಿಸಿ ನೋಡಿದ.
"ನೇಜಿ ಉಂಟಲ್ಲ ಮಾರಾಯ್ರೆ ಇಲ್ಲಿ! ಯಾರು ನೆಟ್ಟದ್ದು?"

ಯಾರೂ ನೆಡಲಿಲ್ಲ. ಹೂವಿಲ್ಲ, ಬೀಜವಿಲ್ಲ.
ಗಂಡುಕಣ ಹೆಣ್ಣಿನತ್ತ ಈಜಿಯೇ ಹೋಗಬೇಕು.
ಹೊಳೆ ಬೇಡ, ಒಂದು ಹನಿಯ ತೆಳು ಪೊರೆ ಸಾಕು;
ಅದೂ ಇಲ್ಲದ ವರ್ಷ ಮದುವೆಯಿಲ್ಲ.
ಕೂಡಿಬಂತೆನ್ನಿ, ಆಗ
ಕೂದಲೆಳೆಯ ತುದಿಗೆ ಪುಟ್ಟದೊಂದು ಕುಡಿಕೆ,
ಕುಡಿಕೆಗೆ ಮುಚ್ಚಳ, ಮುಚ್ಚಳದಡಿ ಹಲ್ಲುಸಾಲು.
ಗಾಳಿ ಒಣಗಿದ ದಿನ ಹಲ್ಲು ಬಿಟ್ಟು
ಊದುತ್ತದೆ ಧೂಳಿಗಿಂತ ಸಣ್ಣ ಹೊಗೆ.
ಎಲ್ಲಿಗೆ? ಯಾರದೋ ಗೋಡೆಗೆ.
ಬಹುಶಃ ನಿನ್ನದಕ್ಕೆ.

ಮತ್ತೆ, ಜಾರುವುದು ಇದರ ಮೇಲಲ್ಲ, ಐತಪ್ಪ.
ಕೆಳಗೆ ಮೆಟ್ಟಿಲಲ್ಲಿ ಕಪ್ಪಗೆ ಲೋಳೆ ಕಟ್ಟಿದೆಯಲ್ಲ, ಅದು.
ಎರಡನ್ನೂ ಪಾಚಿ ಅಂತಲೇ ಕರೆದು
ಒಬ್ಬರ ತಪ್ಪಿಗೆ ಇನ್ನೊಬ್ಬರ ಚರ್ಮ ಸುಲಿದೆವು,
ಇಷ್ಟು ವರ್ಷ.

ಅವನು ಮೆಟ್ಟಿಲು ಮಾತ್ರ ಉಜ್ಜಿದ.
ಕೂಲಿ ಪೂರ್ತಿ ಕೇಳಿದ:
"ನೋಡಿದ್ದು ಸಹ ಕೆಲಸವೇ ಅಲ್ವಾ?"

ಸಂಜೆ ಇಗರ್ಜಿಯಿಂದ ಬರುತ್ತ ಸೆವ್ರಿನ್
ಗೋಡೆಯ ಮುಂದೆ ನಿಂತಳು, ಮುರಿದು ಕೂಡಿದ ಕೈ ಸೊಂಟಕ್ಕಿಟ್ಟು.
"ಇದು ಹಾಗೇ ಉಂಟಲ್ಲ?"

ಅಷ್ಟರಲ್ಲಿ ನೀರು ಆರಿತ್ತು. ಮತ್ತೆ ಕಂದು, ಮತ್ತೆ ಚಹಾಪುಡಿ.

"ಬಿಡು," ಅಂದೆ, "ಸತ್ತು ಆಗಿದೆ."