ಆಲ್ಟರೇಶನ್

ಉಪ್ಪಳದ ರೈಲುಗೇಟಿನ ಈಚೆ ನನ್ನ ಅಂಗಡಿ.
ಒಂದು ಮೆಶಿನು, ಒಂದು ಇಸ್ತ್ರಿಪೆಟ್ಟಿಗೆ,
ಕಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ ಬೆಂಚು.
ರವಿಕೆ ಹೊಲಿಯುತ್ತೇನೆ. ಕಾಗದವನ್ನೂ ಓದಿಕೊಡುತ್ತೇನೆ,
ಅದಕ್ಕೆ ದುಡ್ಡು ತೆಗೆದುಕೊಂಡವನಲ್ಲ.

ಕಾರ್ತ್ಯಾಯನಿ ನೀಲೇಶ್ವರದವಳು.
ಅಕ್ಷರ ಗೊತ್ತು, ಮಲಯಾಳದ್ದು.
ಗಂಡ ತ್ಯಾಂಪಣ್ಣ ಈ ಕಡೆಯ ಶಾಲೆಯಲ್ಲಿ ಐದನೆಯವರೆಗೆ,
ಕನ್ನಡ ಬಿಟ್ಟರೆ ಅವನ ಪೆನ್ನು ಓಡುವುದಿಲ್ಲ.
ಹಾಗಾಗಿ ಶಾರ್ಜಾದ ನೀಲಿ ಕಾಗದ
ಅವಳಿಗೆ ತಲುಪುವ ಮೊದಲು
ನನ್ನ ಬಾಯಲ್ಲಿ ಕೂತು ಹೊಳೆ ದಾಟಬೇಕು.

ಮೊದಲನೆಯದು ಇಷ್ಟೇ:
ಡ್ರಾಫ್ಟ್ ಕಳಿಸಿದೆ. ಅಮ್ಮನ ಕಣ್ಣು ತೋರಿಸು.
ಬಾವಿಯ ರಾಟೆ ಸರಿಮಾಡಿಸು. ಇಲ್ಲಿ ಸೆಕೆ.
ಬೆಂಚಿನ ತುದಿಯಲ್ಲಿ ಕೂತವಳು
ಇನ್ನೂ ಉಂಟೋ ಎಂಬಂತೆ ಕಾಗದದ ಹಿಂಬದಿ ನೋಡಿದಳು.
ನನಗೆ ತಡೆಯಲಿಲ್ಲ.
ಸೆಕೆ ಎಂಬಲ್ಲಿ ಬಟ್ಟೆ ಸಡಿಲಿಸಿ ಒಂದು ತುಂಡು ಕೊಟ್ಟೆ:
'ಕಾರ್ತ್ಯಾಯನೀ, ಮಿಂದು ಬಂದ ನಿನ್ನ ಕೂದಲನ್ನು
ಒಮ್ಮೆ ಈ ಮುಖದ ಮೇಲೆ ಕೊಡವಿದ್ದರೆ...'

ಅವಳು ಕೆಂಪಾದದ್ದು ಅವನಿಗಾಗಿ.
ಅನ್ನದಾನ ಮಾಡಿದವನ ಹಾಗೆ
ಆ ರಾತ್ರಿ ನನಗೆ ಒಳ್ಳೆಯ ನಿದ್ದೆ.

ಎರಡು ವರ್ಷ ಹೀಗೆಯೇ.
ಅವನು ಅಕ್ಕಿಯ ಕ್ರಯ ಕೇಳುತ್ತಿದ್ದ,
ನಾನು ಅವಳ ಎಡಗಿವಿಯ ಮಚ್ಚೆಯನ್ನು ಕೇಳುತ್ತಿದ್ದೆ.
ಅವನಿಗೆ ಆ ಮಚ್ಚೆಯ ನೆನಪಿತ್ತೋ ಇಲ್ಲವೋ,
ಅಳತೆ ತೆಗೆಯುವಾಗ ಕಂಡದ್ದು ನಾನು.

ಅವಳು ಉತ್ತರ ಹೇಳತೊಡಗಿದಳು, ನೆಲ ನೋಡುತ್ತ:
'ನಿಮ್ಮ ಒಂದು ಅಂಗಿ ಒಗೆಯದೆ ಇಟ್ಟಿದ್ದೇನೆ.
ಬೆವರಿನ ವಾಸನೆ ಹೋಗುತ್ತ ಬಂತು, ಬೇಗ ಬನ್ನಿ.'
ನಾನು ಬರೆದೆ: ರಾಟೆ ಸರಿಯಾಯಿತು.
ಅಂಗಿಯ ಮಾತು ಅಳತೆ ಪುಸ್ತಕಕ್ಕೆ ಹೋಯಿತು,
ಎದೆ ಮೂವತ್ತನಾಲ್ಕು, ತೋಳು ಒಂಬತ್ತರ ಕೆಳಗೆ,
ಅವಳ ಮಾತು, ನನ್ನ ಕನ್ನಡದಲ್ಲಿ.

ಸಿನಿಮಾದಲ್ಲಾದರೆ ಕೆಟ್ಟವನಿಗೆ ಒಂದು ನಗು ಇರುತ್ತದೆ,
ದೂರದಿಂದಲೇ ಗೊತ್ತಾಗುತ್ತದೆ.
ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವನು,
ನಗಲಿಕ್ಕೇ ಆಗುತ್ತಿರಲಿಲ್ಲ.
ಕೊಟ್ಟ ತುಂಡಿಗೂ ಕದ್ದ ತುಂಡಿಗೂ
ಕತ್ತರಿ ಒಂದೇ, ಸಾಣೆಯೂ ಒಂದೇ.

ಆಮೇಲೆ ಆ ಕಾಗದ ಬಂತು.
ಗೇಟು ಬಿದ್ದಿತ್ತು, ಗೂಡ್ಸು ಮುಗಿಯುತ್ತಲೇ ಇರಲಿಲ್ಲ,
ನಾನು ಮನಸ್ಸಿನಲ್ಲೇ ಓದಿಕೊಂಡೆ:
'ಕಾರ್ತ್ಯಾಯನಿ, ನನಗೆ ಬರೆಯಲು ಬರುವುದಿಲ್ಲ.
ಪಕ್ಕದ ಮಂಚದ ಹುಡುಗ ಮೊನ್ನೆ ಸಾರುವೆಯಿಂದ ಬಿದ್ದ.
ಅವನ ಪೆಟ್ಟಿಗೆ ಕಟ್ಟುವಾಗ ನಿನ್ನ ನೆನಪು ಮಾಡಿಕೊಂಡೆ.
ಕಾರ್ತ್ಯಾಯನಿ, ಯಾಕೆ ನಿನ್ನ ಕಾಗದದಲ್ಲಿ
ರಾಟೆ, ಅಕ್ಕಿ, ಅಮ್ಮನ ಕಣ್ಣು ಮಾತ್ರ?
ಸಿಟ್ಟೋ ಕಾರ್ತ್ಯಾಯನಿ?
ಒಂದು ಸಾಲು ನೀನೇ ಹೇಳಿ ಬರೆಸು, ಕಾರ್ತ್ಯಾಯನಿ.'

ಗೂಡ್ಸು ಹೋಯಿತು. ನಾನು ಗಟ್ಟಿಯಾಗಿ ಓದಿದೆ:
'ಕಾರ್ತ್ಯಾಯನಿ, ಡ್ರಾಫ್ಟ್ ಈ ತಿಂಗಳು ತಡ. ಸೆಕೆ ಜೋರು.'

ಅವಳು ಕಾಗದ ತೆಗೆದುಕೊಂಡಳು.
ವಿಳಾಸದಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟು
'ಈ ಚಿತ್ರ ನಾನಲ್ಲವೇ?' ಎಂದಳು.
ಒಳಗೆ ಬಿಡಿಸಿ ಬೆರಳು ನಡೆಸಿದಳು.
'ಇಲ್ಲಿ ನಾನು ನಾಲ್ಕು ಸಲ ಇದ್ದೇನೆ. ನೀವು ಒಮ್ಮೆ ಓದಿದಿರಿ.
ಹಳೆಯ ಕಾಗದ ಎಲ್ಲ ನಿನ್ನೆ ರಾತ್ರಿ ಹುಡುಕಿದೆ,
ಒಂದರ ಒಳಗೂ ನಾನಿಲ್ಲ.
ನೀವು ಮಾತ್ರ ಪ್ರತಿ ಸಲ ಕರೆದಿರಿ.'

ನಾನು ಮೆಶಿನಿನ ಚಕ್ರ ಹಿಡಿದುಕೊಂಡಿದ್ದೆ.
'ರವಿಕೆಗೆ ಎಷ್ಟಾಯಿತು?'
ಆರು ರೂಪಾಯಿ ಎಂದೆ.
ಚಿಲ್ಲರೆ ಎಣಿಸಿ, ಬೆಂಚಿನ ಮೇಲಿಟ್ಟು ಹೋದಳು,
ಕೈಗೆ ಕೊಡಲಿಲ್ಲ.

ಸಂಜೆ ಅಳತೆ ಪುಸ್ತಕದ ಹಾಳೆಗಳನ್ನು ದಾರದಿಂದ ಬಿಡಿಸಿದೆ.
ಹನ್ನೊಂದು ಇದ್ದವು.
ಕವರಿಗೆ ತುಂಬಿ, ಶಾರ್ಜಾದ ವಿಳಾಸ ಬರೆದು
ಅಂಚೆ ಡಬ್ಬಿಯ ತನಕ ಹೋದೆ.

ಹೋದೆ ಎನ್ನುವವರೆಗೆ ನಿಜ.
ಮುಂದಿನದನ್ನು ನಾನು ಬರೆದರೆ
ನೀವು ನಂಬಬಾರದು.