ನೀಲಿ ಎಣಿಕೆ

ಎರ್ರೆಮ್ಮನ ಮುಂಗೈಯಿಂದ ತೆಗೆದ
ನುಚ್ಚಕ್ಕಿಯಷ್ಟು ತೊಗಲು
ಹನ್ನೊಂದು ತಿಂಗಳಿಂದ ನನ್ನ ಹತ್ತಿರ ಇದೆ.
ಮೂರನೆ ಮಹಡಿ, ಕೊನೆಯ ಕೋಣೆ,
ಪೆಟ್ಟಿಗೆಯೊಳಗೆ ಮೂವತ್ತೇಳು ಡಿಗ್ರಿ.
ಹೊರಗೆ ಬಳ್ಳಾರಿ ನಲವತ್ತಮೂರು.
ಕರೆಂಟು ಹೋದರೆ ಜನರೇಟರಿಗಿಂತ ಮೊದಲು
ನನ್ನೆದೆ ಹೊಡೆದುಕೊಳ್ಳುತ್ತದೆ.

ದಿನ ಬಿಟ್ಟು ದಿನ ಉಣಿಸುತ್ತೇನೆ
ತಿಳಿಗುಲಾಬಿ ಗಂಜಿ.
ಒಂದು ಎರಡಾಗುತ್ತದೆ, ಎರಡು ನಾಲ್ಕು,
ಬಟ್ಟಲು ತುಂಬಿದರೆ ಇನ್ನೊಂದು ಬಟ್ಟಲಿಗೆ ಒಕ್ಕಲು.
ನಲವತ್ತೋ ಐವತ್ತೋ ಸಲ ಒಡೆದ ಮೇಲೆ
ಸಾಯುವುದಿಲ್ಲ, ಸುಮ್ಮನೆ ಕೂತುಬಿಡುತ್ತವೆ
ಅಗಲವಾಗಿ, ಕಾಲು ಚಾಚಿ,
ಕೂತಲ್ಲಿಂದಲೇ ನೆರೆಯವಕ್ಕೆ ಹುಳಿ ಹಿಂಡುತ್ತ.

ಹೈದರಾಬಾದಿನಿಂದ ಐಸಿನಲ್ಲಿ ಬಂದ ಸೀಸೆ:
ಏಳು ಅಮೈನೋ ಆಮ್ಲ, ಯಂತ್ರ ಪೋಣಿಸಿದ ಸರ,
ಉಗುರಿಗಂಟಿದ ಸುಣ್ಣದಷ್ಟು ಬಿಳಿ ಪುಡಿ.
ಎಡಗಡೆ ಬಟ್ಟಲಿಗೆ ಅದು.
ಬಲಗಡೆಯದಕ್ಕೆ ಬರೀ ನೀರು.

ಇವತ್ತು ಬಣ್ಣದ ದಿನ.
ಮುಪ್ಪಾದ ಕೋಶಕ್ಕೆ ಮಾತ್ರ ಹತ್ತುವ ನೀಲಿ.
ಬಲಕ್ಕೆ ನೂರರಲ್ಲಿ ಅರವತ್ತೆರಡು.
ಎಡಕ್ಕೆ ಮೂವತ್ತೊಂಬತ್ತು.
ಮತ್ತೆ ಎಣಿಸಿದೆ. ನಲವತ್ತೊಂದು.
ಸರ್‌ಗೆ ಮೊದಲನೆಯದೇ ಇಷ್ಟವಾದೀತು.

ಬುಧವಾರ. ಬಿಪಿ ಗುಳಿಗೆಗೆ ಬಂದವಳು
ಮೆಟ್ಟಿಲು ಹತ್ತಿ ಬಂದಳು, ಯಾವಾಗಿನಂತೆ:
"ನನ್ ತೊಗಲು ಹೆಂಗೈತವಾ?"
ತೋರಿಸಿದೆ. ಒಂದು ಕಣ್ಣು ಮುಚ್ಚಿ
ಬಹಳ ಹೊತ್ತು ನೋಡಿದಳು.
"ಇದು ನಮ್ ವಾಶಿಂಗಿನ ನೀಲೀನೇ ಅಲ್ಲ?"

ಹೌದು. ಕುಲ ಅದೇ, ಇಂಡಿಗೊ.
ಹತ್ತೊಂಬತ್ತು ವರ್ಷ ಜೀನ್ಸ್ ತೊಳೆದ ಕೈ,
ಉಗುರಿನ ಬುಡ, ಅಂಗೈ ಗೆರೆ,
ಯಾವ ಸಾಬೂನಿಗೂ ಜಗ್ಗದೆ ಕೂತಿದೆ.

"ಹಂಗಾರ ನಾ ಪೂರಾ ಮುದುಕಿ ಅನ್ನು."
ನಕ್ಕಳು. ಆಮೇಲೆ ಲೆಕ್ಕಕ್ಕೆ ಬಂದಳು:
"ಹೊಸಾ ಪ್ಯಾಂಟಿನ ಮಣಕಾಲಿಗೆ ಪಾಲಿಶ್ ಪೇಪರ್ ಹಚ್ಚಿ
ತಿಕ್ಕಿ ತಿಕ್ಕಿ ಹಳೇದು ಮಾಡ್ತೀವಿ ನಾವು.
ಒಂದಕ್ಕ ನಾಕು ರೂಪಾಯಿ.
ಹಳೇದನ್ನ ಹೊಸಾದು ಮಾಡಾಕ ನಿನಗೆಷ್ಟು ಕೊಡ್ತಾರ?"

ಹದಿನಾಲ್ಕು ಸಾವಿರ ಅಂದೆ, ಗುತ್ತಿಗೆ ಮೇಲೆ.
"ಕಡಿಮಿ ಆತು," ಅಂದಳು.
ಹೊಸಾದಾಗಲ್ಲ, ತಡ ಆಗ್ತದ ಅಷ್ಟೇ,
ಅದೂ ಬಟ್ಟಲಿನಾಗ, ಎನ್ನುವಷ್ಟರಲ್ಲಿ
ಅವಳು ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿದ್ದಳು.

ಗೋಡೆ ಹಿಡಿದು ಮೆಟ್ಟಿಲಿಳಿದಳು.
ಬಿಳಿ ಗೋಡೆ. ಗುರುತು ಬಿತ್ತೇ ಎಂದು ಹೋಗಿ ನೋಡಿದೆ,
ಇಲ್ಲ.
ವಾಪಸು ಬಂದು ಪುಸ್ತಕದಲ್ಲಿ ಪೆನ್ನೊತ್ತಿ ಬರೆದೆ:
ಎಡ, ನಲವತ್ತೊಂದು.